ಮೂಗು ಕೂಡದ ರಾಕೆಟ್ಟು

ಒಂದು ವಸ್ತು ಇನ್ನೊಂದರೊಳಗೆ ಮೊದಲ ಸಲಕ್ಕೇ ಸರಿಯಾಗಿ ಕೂತರೆ, ಅದು ನನ್ನದಲ್ಲ ಎಂದು ಗೊತ್ತಾಗಿಬಿಡುತ್ತದೆ. ನನ್ನ ಕೊಡೆ ಮುಚ್ಚುವುದಿಲ್ಲ, ಟ್ರಂಕು ಮುಚ್ಚಿದರೆ ತೆರೆಯುವುದಿಲ್ಲ. ಆದರೆ ರಷ್ಯಾದವರು ಆಕಾಶಕ್ಕೆ ರಾಕೆಟ್ಟು ಬಿಟ್ಟ ಹೊಸತರಲ್ಲಿ, ಉಮರ್ಗಾದ ಶಾಲೆಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದಾಗ ಮುಂಬಯಿಯಿಂದ ತರಿಸಿದ ಆಟಿಕೆ ರಾಕೆಟ್ಟಿನ ಮುಂದೆ ಇವೆಲ್ಲ ಯಾವ ಲೆಕ್ಕ? ಬಿಡಿಭಾಗಗಳ ಪೆಟ್ಟಿಗೆ ಅದು. ನಾವೇ ಜೋಡಿಸಿ ಹಾರಿಸಬೇಕು. ಇನ್‌ಸ್ಪೆಕ್ಟರ್ ಸಾಹೇಬರು ಬಂದಾಗ ಹಾರಿಸಿ ತೋರಿಸುತ್ತೇನೆಂದು ಹೆಡ್‌ಮಾಸ್ತರರ ಮುಂದೆ ಹೇಳಿ ನಾನೇ ಸಿಕ್ಕಿಬಿದ್ದಿದ್ದೆ.

೧. ಮೂಗು

ಪೆಟ್ಟಿಗೆಯಲ್ಲಿ ಕೊಳಲಿನಂಥ ಕಾಗದದ ನಳಿಕೆ, ಅದರ ತುದಿಗೆ ಕೂಡಿಸಲು ಕಟ್ಟಿಗೆಯ ಒಂದು ಚೂಪು ಮೂಗು. ‘ಹಗುರವಾಗಿ ಒತ್ತಿರಿ’ ಎಂದು ಚೀಟಿಯಲ್ಲಿ ಬರೆದಿತ್ತು. ನಾನು ಒತ್ತಿದೆ, ಹೋಗಲಿಲ್ಲ. ಡ್ರಿಲ್ ಮಾಸ್ತರರು ಒತ್ತಿದರು. ಮೂಗು ಹೋಗಲಿಲ್ಲ, ಬೆಂಚಿನ ಕಾಲು ಹೋಯಿತು.

ಗುಂಜೋಟಿಯ ಬಡಿಗನ ಹತ್ತಿರ ಒಯ್ದೆ. ಅವನು ಬಂಡಿಯ ಗಾಲಿ ಮಾಡುವವ.

“ಕಾಸಿ ಹಾಕೂಣೇನ್ರಿ? ಗಾಲಿಗಿ ಕಬ್ಬಿಣದ ಹಳಿ ಹಂಗೇ ಕೂಡಸ್ತೀವಿ,” ಎಂದ.

“ಕಾಗದ ಅದೋ ಮಾರಾಯಾ!”

“ಹಂಗಾದ್ರ ಮೂಗು ಕೆತ್ತತೀನಿ ಬಿಡ್ರಿ.”

ಕೆತ್ತಿದ. ಚೆನ್ನಾಗಿಯೇ ಕೆತ್ತಿದ. ಮನೆಗೆ ತಂದು ಇಟ್ಟ ಕೂಡಲೇ ಮೂಗು ಸುರ್ರನೆ ಒಳಗೆ ಜಾರಿ, ನಳಿಕೆಯ ನಡುವೆ ಅಡ್ಡ ಸಿಕ್ಕಿಕೊಂಡಿತು. ಮರುದಿನ ಮತ್ತೆ ಅವನ ಮುಂದೆ ಹೋಗಿ ನಿಂತೆ. ಅವನು ನಳಿಕೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ, ಒಂದು ಕಣ್ಣು ಮುಚ್ಚಿ ಒಳಗೆ ನೋಡಿದ, ಉಳಿ ಕೆಳಗಿಟ್ಟ.

“ನಿನ್ನಿ ಒಳಗ ಹೋಗವಲ್ದು ಅಂದ್ರಿ, ಇವತ್ತ ಹೊರಗ ಬರವಲ್ದು ಅಂತೀರಿ. ಮಾಸ್ತರ್ರ, ನೀವು ಒಂದ ಮಾತಿನ ಮ್ಯಾಲ ನಿಲ್ರಿ!”

೨. ರೆಕ್ಕೆ

ಬಡಿಗನೇ ಕೋಲು ಹಾಕಿ ಆ ಮೂಗನ್ನು ಹೊರಗೆ ತೆಗೆದ. ಅಷ್ಟರಲ್ಲಿ ಅದು ಎರಡು ಹೋಳಾಗಿತ್ತು. ಇತ್ತ ರೆಕ್ಕೆಗಳ ಕಥೆ ಬೇರೆ. ನಾಲ್ಕು ಇರಬೇಕಾದಲ್ಲಿ ಮೂರಿದ್ದವು. ಒಂದು ಅರಳಿ ಎಲೆಯಷ್ಟು, ಒಂದು ಬೇವಿನ ಎಲೆಯಷ್ಟು, ಮೂರನೆಯದು ಇನ್ನೂ ಚಿಗುರು.

ಕಂಪನಿಗೆ ರೆಕ್ಕೆ ಬೇಕೆಂದು ಸಿಟ್ಟಿನಿಂದ ಪತ್ರ ಬರೆದೆ. ಪಾರ್ಸಲ್ಲಿನ ಜೊತೆ ಉತ್ತರ ಬಂತು: ‘ನಮ್ಮಲ್ಲಿ ಪ್ರತಿಯೊಂದು ಭಾಗವನ್ನೂ ಮೂರು ಸಲ ಪರೀಕ್ಷಿಸಲಾಗುತ್ತದೆ. ಆದರೂ ತಾವು ಕೇಳಿದ್ದನ್ನು ಕಳಿಸಿದ್ದೇವೆ.’

ಹೆಡ್‌ಮಾಸ್ತರರ ಕೋಣೆಯಲ್ಲೇ ಬಿಚ್ಚಿದೆ. ಒಳಗೆ ನಾಲ್ಕು ಮೂಗುಗಳಿದ್ದವು.

ಹೆಡ್‌ಮಾಸ್ತರರು ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದರು. “ಹಿಂಗ ಮಾಡ್ರಿ. ಈಗ ಮೂಗು ಬೇಕಂತ ಬರೀರಿ, ರೆಕ್ಕಿ ಬರ್ತಾವ.”

೩. ಕೊಡೆ

ಮೇಲೆ ಹೋದ ರಾಕೆಟ್ಟು ಮೆಲ್ಲಗೆ ಇಳಿಯಲೆಂದು ಕೆಂಪು ರೇಷ್ಮೆಯ ಪುಟ್ಟ ಕೊಡೆಯೊಂದಿತ್ತು, ಸುತ್ತಲೂ ದಾರ. ಎಷ್ಟು ಮಡಿಚಿದರೂ ಅದು ನಳಿಕೆಯೊಳಗೆ ಹೋಗಲಿಲ್ಲ. ಮನೆಯ ಗೋಡೆಗೂಡಿನಲ್ಲಿಟ್ಟು ಶಾಲೆಗೆ ಹೋದೆ.

ಅಂದೇ ಕಾಸಾರಶಿರಸಿಯಿಂದ ನಮ್ಮ ಅತ್ತೆ ಬಂದರು. ಸಂಜೆ ನಾನು ಬರುವಷ್ಟರಲ್ಲಿ ಅವರ ತೊಡೆಯ ಮೇಲೆ ನನ್ನ ಮಗಳು, ಮಗಳ ತಲೆಯ ಮೇಲೆ ಟೊಪ್ಪಿಗೆಯಂತೆ ಕೊಡೆ, ಗದ್ದದ ಕೆಳಗೆ ದಾರಗಳ ಗಂಟು.

“ಮುಂಬಯಿ ಕುಂಚಿಗಿ ರೀ!” ಎಂದು ಅತ್ತೆ ಪಕ್ಕದ ಮನೆಯಾಕೆಗೆ ತೋರಿಸುತ್ತಿದ್ದರು. “ನಮ್ಮ ಅಳ್ಯಾ ಕೂಸಿಗಿ ತರಿಸ್ಯಾರ. ಮಾಪು ತಗೊಂಡು ಹೊಲದಂಗ ಬರೋಬ್ಬರಿ ಕುಂತದ ನೋಡ್ರಿ!”

ಎಲ್ಲ ಗೊತ್ತಿದ್ದ ನನ್ನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. “ಅದು ರಾಕೆಟ್ಟಿಂದು,” ಎಂದು ಅವಳಿಗೆ ಮೆಲ್ಲಗೆ ಹೇಳಿದೆ.

“ಧೈರ್ಯ ಇದ್ರ ಹೋಗಿ ಬಿಚ್ಚಕೋರಿ,” ಎಂದಳು.

ಆ ಇಡೀ ಪೆಟ್ಟಿಗೆಯಲ್ಲಿ ಅಳತೆಗೆ ಸರಿಯಾಗಿ ಕೂತ ವಸ್ತು ಅದೊಂದೇ. ಅದನ್ನೂ ಬಿಚ್ಚುವಷ್ಟು ಕಲ್ಲೆದೆ ನನಗಿರಲಿಲ್ಲ.

೪. ಹಾರಾಟ

ಹೊಸ ಮೂಗುಗಳಲ್ಲಿ ಒಂದಕ್ಕೆ ದಾರ ಸುತ್ತಿ ಕೂಡಿಸಿದೆ. ಚಹಾಪೆಟ್ಟಿಗೆಯ ಹಲಿಗೆಯಿಂದ ರೆಕ್ಕೆ ಕತ್ತರಿಸಿದೆ. ಉಳಿದದ್ದು ಕೆಳಗಿನಿಂದ ಸಿಕ್ಕಿಸುವ ಮದ್ದಿನ ಕೊಳವಿ. ಕಂಪನಿಯದು ಪೆನ್ಸಿಲ್ಲಿನಷ್ಟು ಸಣ್ಣ, ಹಾಕಿದ್ದು ಹಾಕಿದಂತೆ ಕೆಳಗೆ ಬೀಳುತ್ತಿತ್ತು. ಉದಗೀರದಲ್ಲಿ ಮದುವೆಗಳಿಗೆ ಬಾಣ-ಬಿರುಸು ಮಾಡುವ ಮುದುಕ ಚಾಚಾನ ಹತ್ತಿರ ಹೋದೆ.

“ಫಿಕರ್ ಮಾಡಬ್ಯಾಡ್ರಿ ಮಾಸ್ತರ್, ಜೋರ್ ಮಾಲು ತುಂಬಿ ಕೊಡ್ತೀನಿ,” ಎಂದು ಬೇರೆಯೇ ಒಂದು ಕೊಳವಿ ಮಾಡಿಕೊಟ್ಟ. ಅದೂ ಸ್ವಲ್ಪ ಸಡಿಲ. ಹಳೇ ಪೇಪರು ಸುತ್ತಿ ತುರುಕಿದೆ.

ಆ ದಿನ ಬಂತು. ಮೈದಾನದಲ್ಲಿ ಇಡೀ ಶಾಲೆ, ಕುರ್ಚಿಯ ಮೇಲೆ ಕೋಟು ಹಾಕಿದ ಇನ್‌ಸ್ಪೆಕ್ಟರ್ ಸಾಹೇಬರು. ಹೆಡ್‌ಮಾಸ್ತರರು ನನ್ನ ಕಿವಿಯಲ್ಲಿ, “ಹಾರಲಿಲ್ಲಂದ್ರ ಇಬ್ರದೂ ಬ್ಯಾರೆ ಊರಿಗಿ ಬದಲಿ ಆಗ್ತದ,” ಎಂದರು. ಬತ್ತಿ ಹಚ್ಚಿದೆ.

ಭುಸ್ಸ್! ಹೊಗೆಯೋ ಹೊಗೆ. ಏನೋ ಒಂದು ನೆಟ್ಟಗೆ ಮೇಲಕ್ಕೆ ಚಿಮ್ಮಿ, ಚುಕ್ಕೆಯಾಗಿ, ದಾಳಿಂಬ ಊರಿನ ದಿಕ್ಕಿಗೆ ಮಾಯವಾಯಿತು. ಎಲ್ಲರ ಮುಖ ಆಕಾಶಕ್ಕೆ, ಚಪ್ಪಾಳೆ ನಿಲ್ಲಲೊಲ್ಲದು. ನಾನೊಬ್ಬ ಕೆಳಗೆ ನೋಡಿದೆ. ನಳಿಕೆ, ರೆಕ್ಕೆಗಳ ಸಮೇತ, ನಿಲ್ಲಿಸಿದಲ್ಲೇ ನಿಂತಿತ್ತು! ಮದ್ದಿನ ಕೊಳವಿ ನಳಿಕೆಯ ಒಳಗಿಂದಲೇ ನುಗ್ಗಿ, ಮೂಗನ್ನು ಹೊತ್ತುಕೊಂಡು ತಾನೊಂದೇ ಹೋಗಿಬಿಟ್ಟಿತ್ತು.

ಧೋತರದಿಂದ ಮರೆಮಾಡಬೇಕೆನ್ನುವಷ್ಟರಲ್ಲಿ ಸಾಹೇಬರು ಕೆಳಗೆ ನೋಡಿದರು. “ಇದೇನ್ರಿ? ರಾಕೆಟ್ ಇಲ್ಲೇ ಅದಲ್ಲ?”

ಹೆಡ್‌ಮಾಸ್ತರರು ಮುಂದೆ ಬಂದು ಕೈಮುಗಿದರು.

“ಹೋಗಿ ಬಂತ್ರಿ ಸಾಹೇಬ್ರ.”

ಸಾಹೇಬರು ಎದ್ದು ನಳಿಕೆಯ ಸುತ್ತ ಒಂದು ಸುತ್ತು ಬಂದರು. ಬೆರಳು ತಾಗಿಸಿ ನೋಡಿದರು. ಬಿಸಿಯಾಗಿತ್ತು. ತಲೆದೂಗಿ, ಎಲ್ಲ ಮಾಸ್ತರರ ಕಡೆ ತಿರುಗಿದರು.

“ರಷ್ಯಾದವ್ರು ಬಿಟ್ಟದ್ದು ಏನಾಯ್ತೋ ದೇವರಿಗೇ ಗೊತ್ತು. ಇವ್ರದು ನೋಡ್ರಿ, ಬಿಟ್ಟ ಜಾಗಾಕ್ಕೇ ಬಂದು ನಿಂತದ!”