ಚಿಗಟದ ಹೊಟ್ಟೆಯ ಹುಳು

ನನ್ನ ದೊಡ್ಡಪ್ಪ ಇಲಿಗಳ ಮೈ ಬಾಚುತ್ತಿದ್ದರು. ಉತ್ಪ್ರೇಕ್ಷೆಯಲ್ಲ. ಹೇನು ತೆಗೆಯುವ ಹಣಿಗೆ, ಕೆಳಗೆ ಬಿಳಿ ಬೋಗುಣಿ, ಅದರಲ್ಲಿ ನೀರು. ಆ ಹಣಿಗೆ ದೊಡ್ಡಮ್ಮನದೇ ಎಂದು ನನ್ನ ನೆನಪು. ತನ್ನದಲ್ಲವೇ ಅಲ್ಲ ಎಂದು ದೊಡ್ಡಮ್ಮ ಕೊನೆಯವರೆಗೂ ವಾದಿಸಿದಳು. ನನ್ನ ನೆನಪನ್ನು ನಾನೂ ಅಷ್ಟಾಗಿ ನಂಬುವುದಿಲ್ಲ.

ಮದ್ರಾಸಿನಲ್ಲಿ ಪೆರಂಬೂರಿನ ರೈಲ್ವೆ ಕಾರ್ಖಾನೆಯಿಂದ ನಿವೃತ್ತರಾದವರು ಮೊಮ್ಮಕ್ಕಳನ್ನು ಆಡಿಸುತ್ತಾರೆ, ಭಜನೆಗೆ ಹೋಗುತ್ತಾರೆ. ಇವರು ಹೋದದ್ದು ಊರಾಚೆ ಎಣ್ಣೂರಿನ ಕುರುಚಲು ಬಯಲಿಗೆ. ಶನಿವಾರ ಸಂಜೆ ಬೋನಿಗೆ ವಡೆ ಸಿಕ್ಕಿಸಿ ಇಟ್ಟುಬರುವುದು, ಭಾನುವಾರ ಬೆಳಿಗ್ಗೆ ಇಲಿಸಮೇತ ತರುವುದು. ನಮ್ಮ ಬೀದಿಯ ಕಾಲೇಜು ಮೇಷ್ಟ್ರೊಬ್ಬರು ಒಮ್ಮೆ ಹೇಳಿದ್ದರಂತೆ: ಕಾಡಿಲಿಯ ಮೈಮೇಲೆ ಚಿಗಟ, ಚಿಗಟದ ಹೊಟ್ಟೆಯಲ್ಲಿ ದಾರದಂಥ ಹುಳು, ಹುಳು ಹೊಕ್ಕ ಚಿಗಟ ಮೊಟ್ಟೆ ಇಡಲಾರದು, ನಮ್ಮ ಕಡೆ ಅದನ್ನು ಯಾರೂ ಹುಡುಕಿದಂತಿಲ್ಲ. ಯಾರೂ ಹುಡುಕಿಲ್ಲ ಎಂದರೆ ದೊಡ್ಡಪ್ಪನಂಥ ಹುಬ್ಬಳ್ಳಿಯವರು ಸುಮ್ಮನಿರುತ್ತಾರೆಯೇ?

"ಮನ್ಯಾಗ ಇಲಿ ಕುಣಿದ್ರ ಕಣ್ಣೆತ್ತಿ ನೋಡಂಗಿಲ್ಲ, ಎಣ್ಣೂರತನಕ ಹೋಗಿ ಇಲಿ ಹಿಡೀತಾರ," ಎನ್ನುತ್ತಿದ್ದಳು ದೊಡ್ಡಮ್ಮ.

"ಮನಿ ಇಲಿ ಬ್ಯಾರೆ, ಕಾಡಿಲಿ ಬ್ಯಾರೆ."

"ಮತ್ತ ವಡಿ ಯಾಕ ನಮ್ಮ ಮನೀದು?"

ನಾನೇಕೆ ಸಿಕ್ಕಿಕೊಂಡೆ? ದೊಡ್ಡಪ್ಪನ ಕಣ್ಣಿನ ನರ ಒಣಗುತ್ತಿತ್ತು. ಇಲಿಯನ್ನು ಕೈಯಂದಾಜಿನಲ್ಲಿ ಬಾಚಬಲ್ಲವರಿಗೆ ಮೇಷ್ಟ್ರು ಕೊಟ್ಟಿದ್ದ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣದು. "ಕಣ್ಣು ಪೂರಾ ಹೋಗೂದರಾಗ ಈ ಬುಕ್ಕೊಂದು ಮುಗದ್ರ ಸಾಕು," ಎನ್ನುತ್ತಿದ್ದರು, ಚಿಗಟಗಳ ಲೆಕ್ಕ ಬರೆಯುವ ನೋಟುಬುಕ್ಕು ತಟ್ಟಿ. ನಾನಾಗ ಬ್ಯಾಂಕಿನಲ್ಲಿ ಗುಮಾಸ್ತ, ಉಳಿದ ಹೊತ್ತು ಪೂರ್ಣವಿರಾಮವಿಲ್ಲದ ಕತೆ ಬರೆಯುವವ. ಭಾನುವಾರ ಯಾರಿಗೂ ಬೇಡವಾಗಿದ್ದವನು ವಂಶದಲ್ಲಿ ನಾನೊಬ್ಬನೇ. ಚಿಗಟವನ್ನು ಎರಡು ಗಾಜಿನ ನಡುವೆ ಒತ್ತಿ, ಒಂದು ಕಣ್ಣು ಮುಚ್ಚಿ ನೋಡಬೇಕು. ನನಗೆ ಕಾಣುತ್ತಿದ್ದುದು ಬಹುಪಾಲು ನನ್ನದೇ ರೆಪ್ಪೆಗೂದಲು.

"ಐತೋ ಇಲ್ಲೋ?"

"ಇರುಕ್ಕು."

ಇರುಕ್ಕು ಎಂದರೆ ಇದೆ; ಮದ್ರಾಸಿನಲ್ಲಿ ಓದಿದವನಿಗೆ ಬೇಸರ ಬಂದರೆ ತಮಿಳು ಬರುತ್ತದೆ. ಇಲ್ಲ ಎಂದರೆ ಮತ್ತೆ ನೋಡಿಸುತ್ತಿದ್ದರು. ಇದೆ ಎಂದರೆ ಮುಖ ಅರಳಿಸಿ, ದಪ್ಪಕ್ಷರದಲ್ಲಿ ಬರೆದುಕೊಂಡು, ಮುಂದಿನ ಚಿಗಟಕ್ಕೆ ಹೋಗುತ್ತಿದ್ದರು. ಹೀಗೆ ಮೂರು ವರ್ಷ. ಪತ್ರಿಕೆಗಳು ತಿರಸ್ಕರಿಸಿದ ನನ್ನ ಕಲ್ಪನಾಶಕ್ತಿಯೆಲ್ಲ ಆ ಬುಕ್ಕಿನಲ್ಲಿ ತಾರೀಖುಸಮೇತ ದಾಖಲಾಯಿತು.

ಕೊನೆಗೆ ಮೇಷ್ಟ್ರು ಬುಕ್ಕು ಕೇಳಿ ಕಳಿಸಿದರು. ಅವರ ವಿದ್ಯಾರ್ಥಿಯೊಬ್ಬ ಅದನ್ನೇ ನಂಬಿ ಸಂಶೋಧನೆ ಶುರುಮಾಡುವವನಿದ್ದ. ದೊಡ್ಡಪ್ಪ ಕಾಕಿ ಕಾಗದದ ಹೊದಿಕೆ ಹಾಕುತ್ತಿದ್ದಾಗ ನನ್ನ ಬಾಯಿಂದ ಹೊರಬಿತ್ತು: "ಅದರಾಗ ನಾ ಐತಿ ಅಂದದ್ದೆಲ್ಲ ಸುಳ್ಳು, ದೊಡ್ಡಪ್ಪಾ."

ಬೈಯಲಿಲ್ಲ. ಸ್ಕೇಲು ಕೇಳಿದರು. ಒಂದೊಂದೇ ದಿನವನ್ನು ನನ್ನಿಂದ ಓದಿಸಿ, ಸಾಲಿನ ಮೇಲೆ ಬೆರಳಿಟ್ಟು ಗೀಟು ಹೊಡೆಯುತ್ತ ಬಂದರು. ಪುಟ ತಿರುವಿದಂತೆಲ್ಲ ಗೀಟು. ಒಂದು ಕಡೆ ಮಾತ್ರ ನಿಂತರು.

"ಇದು ಇರಲಿ. ಇದು ಖರೆ."

"ನನಗ ನೆನಪಿಲ್ರಿ."

"ಆವತ್ತು ನೀ ಇರುಕ್ಕು ಅನ್ನಲಿಲ್ಲ. 'ಅಯ್ಯ, ಹೊಳ್ಳಾಡಾಕತ್ತೈತಿ' ಅಂದಿ. ನನ್ನ ರಟ್ಟಿ ಹಿಡಕೊಂಡಿ."

ಆಮೇಲೆ, ನಾನು ಕಂಡು ಮರೆತದ್ದನ್ನು, ತಾವು ಒಮ್ಮೆಯೂ ಕಾಣದ್ದನ್ನು, ನನಗೆ ಹೇಳತೊಡಗಿದರು: ಹಾಲಿನ ಬಣ್ಣ, ಒಂದು ತುದಿ ತುಸು ಚೂಪು, ಸುತ್ತಿಕೊಂಡು ಬಿಚ್ಚಿಕೊಂಡು ಮತ್ತೆ ಸುತ್ತಿಕೊಳ್ಳುವುದು. ನನ್ನ ಕೈ ಎಳೆದುಕೊಂಡು ಅಂಗೈ ಮೇಲೆ ತೋರುಬೆರಳು ಹರಿಸಿದರು. "ಹಿಂಗ," ಎಂದರು. "ಹಿಂಗ ಅಂತ ನೀನ ತೋರಿಸಿದ್ದಿ."