ರೋಮದ ರಾಜನ ಪೋಷಾಕು

ಹೊಲಿಯುವ ಮನಿಯಾಗ ತುಂಡು ಬಟ್ಟಿ ಉಳಿದಂಗ, ನಗುವ ಮಾತೂ ಉಳೀತಾವ. ನಾನು ಮನೂರಿನ ಕಡೆ ಕುರಿ ಕಾಯುವವರ ಮಗಳು. ನನ್ನ ಗಂಡ, ನಮ್ಮವರು, ಕುರಿ ಬಿಟ್ಟು ಜಹೀರಾಬಾದಿನಾಗ ದರ್ಜಿಯಾಗಿದ್ದರು.

ಯಾವ ರೋಮ?

ಒಂದಿನ ಸಾಲಿಯ ಇತಿಹಾಸದ ಮಾಸ್ತರರು ಪುಸ್ತಕ ಹಿಡಕೊಂಡು ಬಂದರು. "ನಾಟಕ ಅದರಿ. ರೋಮದ ರಾಜನ ಪೋಷಾಕು ಆಗಿನ ಕಾಲದಾಗ ಇದ್ದಂಗೇ ಬೇಕು."

ರೋಮ ಅಂದರ ಮೈಮ್ಯಾಲಿನ ಕೂದಲು ಅಂತ ತಿಳಿದ ನಮ್ಮವರು ಕೇಳಿದರು: "ಕುರಿ ರೋಮ ನಡೀತದೇನ್ರಿ?"

ಮಾಸ್ತರರು ಬೆರಗಾದರು. "ಅದು ಪರದೇಶದ ಊರಿನ ಹೆಸರು. ಆದರ ಅಲ್ಲಿಯವರು ಕುರಿ ಉಣ್ಣೀನೇ ಹೊದೀತಿದ್ದರು. ನಿಮಗ ಹ್ಯಾಂಗ ಗೊತ್ತು?"

"ದರ್ಜಿ ಅಂದಮ್ಯಾಲ ಇಷ್ಟೂ ಗೊತ್ತಿರಬಾರದೇನ್ರಿ?"

ರಾಜನ ಕಿಸೆ

ಆಗ ಮಷೀನ ಇರಲಿಲ್ಲ, ಅದಕ್ಕ ಕೈಹೊಲಿಗೆಯೇ ಆಗಬೇಕು ಅಂದರು ಮಾಸ್ತರರು. ಕೌದಿ ಹೊಲಿದ ಕೈ ನಂದು, ಒಳಗಿನ ಅಂಗಿ ಹೊಲಿಯಾಕ ನಾನೇ ಕುಂತೆ. ನಮ್ಮವರು ಸಿಟ್ಟಿಲೆ ಬರೇ ಮಷೀನಿಗೆ ಎಣ್ಣಿ ಬಿಡ್ತಾ ಕುಂತರು. ಮರುದಿನ ನೋಡಿದರ ಅಂಗಿಗೆ ನಮ್ಮವರು ಒಂದು ಕಿಸೆ ಹಚ್ಚಿದ್ದರು.

"ಇದೇನ್ರಿ?"

"ಮತ್ತ ರಾಜ ಎಲಿ-ಅಡಕಿ ಎಲ್ಲಿ ಇಟಗೋತಾನ?"

ಸಾಲದ ಉಣ್ಣಿ

ಹೊದಿಯುವ ಬಿಳಿ ಉಣ್ಣಿ ಬಟ್ಟಿ ನಮ್ಮಪ್ಪ ಊರಿಂದ ನೇಯಿಸಿ ತಂದ. ಮಗಳಿಗೆ ಕೂಸು ಆಗೂತನ ಆಕಿ ಮನಿಯಾಗ ಅಪ್ಪ ಒಂದು ತುತ್ತು ಉಣ್ಣಬಾರದು, ಇದು ನಮ್ಮ ಮಂದಿ ಪದ್ಧತಿ. ನನಗ ಮದುವಿಯಾಗಿ ಮೂರು ವರ್ಷ, ಮಡಿಲು ಖಾಲಿ. ಅಪ್ಪ ಹೊರಗಿನ ಕಟ್ಟಿಮ್ಯಾಲೆ ಕುಂತು ತನ್ನ ಬುತ್ತಿ ಬಿಚ್ಚಿ ಉಂಡ. ನಾ ಬಾಗಿಲದಾಗ ನಿಂತು ನೋಡಿದೆ. ಅವ ಹೋದಮ್ಯಾಲ ಆ ಬಟ್ಟಿಗೆ ಮೂಗು ಹಚ್ಚಿ ಕುಂತೆ. ಅದರಾಗ ತವರಿನ ಹಟ್ಟಿ ವಾಸನಿ ಇತ್ತು.

ಅಪ್ಪ ಮತ್ತ ಬರಲಿ ಅಂತ "ಬಟ್ಟಿ ಸಾಲವಲ್ದು" ಅಂತ ಸುಳ್ಳು ಹೇಳಿ ಕಳಿಸಿದೆ. ಇನ್ನೂ ಎರಡು ಸರ್ತಿ ತಂದ. ಮೂರೂ ಕೂಡಿಸಿದರ ಅಂಗಳದ ತುಂಬ ಆತು. ಬೈಸಿಕೊಳ್ಳಾಕ ತಯಾರಾಗಿ ನಿಂತೆ. ಮಾಸ್ತರರು ಪುಸ್ತಕ ನೋಡಿ ಅಂದರು: "ಬರೋಬ್ಬರಿ ಅಳತಿ. ಇಷ್ಟೇ ಇರಬೇಕು."

ರಾಜನ ಊಟ

ನಾಟಕದಾಗ ರಾಜನಾಗುವ, ಲೆಕ್ಕ ಕಲಿಸುವ ಮಾಸ್ತರರಿಗೆ ನಮ್ಮ ಅಂಗಳದಾಗೇ ಹೊದಿಸಿ ನೋಡಿದರು. ನಾಕು ಹೆಜ್ಜಿ ಇಟ್ಟರ ಬಟ್ಟಿ ನೆಲಕ್ಕ. ಕಟ್ಟಿಮ್ಯಾಲಿದ್ದ ಅಪ್ಪ ನಕ್ಕ. "ಕಂಬಳಿ ಹೊದ್ದು ಗೊತ್ತಿಲ್ಲೇನ್ರಿ?" ಅಂದವನೇ ಎದ್ದು ತಾನೇ ಸುತ್ತಿ, ಎಡ ಹೆಗಲಮ್ಯಾಲೆ ಚೆಲ್ಲಿಕೊಂಡ.

"ಕಾಕಾ, ಹಂಗೇ ಇರ್ರಿ, ತಗೀಬ್ಯಾಡ್ರಿ," ಅಂತ ಇತಿಹಾಸದ ಮಾಸ್ತರರು ನಿರಿಗಿ ಎಣಿಸಾಕ ಹತ್ತಿದರು.

ನಾ ಒಳಗ ಹೋಗಿ ರೊಟ್ಟಿ, ಪುಂಡಿಪಲ್ಯ, ಉಳ್ಳಾಗಡ್ಡಿ ತಂದು ಮುಂದಿಟ್ಟೆ.

"ಏ ತಂಗಿ, ಪದ್ಧತಿ ಮರ್ತೇನು?" ಅಂದ ಅಪ್ಪ.

"ನಮ್ಮಪ್ಪ ಉಣ್ಣಂಗಿಲ್ಲ, ಗೊತ್ತದ. ನೀವು ರೋಮದ ರಾಜರು. ನಿಮಗೇನು ಅಡ್ಡಿ?"

ಅಪ್ಪ ಇತಿಹಾಸದ ಮಾಸ್ತರರ ಕಡೆ ತಿರುಗಿದ. "ಈ ರಾಜಗ ಹೆಣ್ಣುಮಕ್ಕಳಿದ್ದರೇನ್ರಿ?"

ಮಾಸ್ತರರು ನನ್ನ ಮಾರಿ ನೋಡಿ ಪುಸ್ತಕ ಮುಚ್ಚಿದರು. "ಪುಸ್ತಕದಾಗ ಬರದಿಲ್ಲ, ಕಾಕಾ."

ಅಪ್ಪ ಕುಂತ. ಮೊದಲನೇ ತುತ್ತು ಭಾಳ ಹೊತ್ತು ಅಗದ. ನಾ ಕಣ್ಣು ಒರಸಿಕೊಂಡು, ಉಳ್ಳಾಗಡ್ಡಿ ಖಾರ ಅದ ಅಂದೆ. ರೊಟ್ಟಿ ಮುಗಿಸಿದ ಅಪ್ಪ, ಖಾಲಿ ತಾಟು ನನ್ನ ಕಡೆ ಸರಿಸಿದ:

"ಯಾಕವ್ವಾ, ರೋಮದಾಗ ಎರಡನೇ ರೊಟ್ಟಿ ನೀಡೂ ಪದ್ಧತಿ ಇಲ್ಲೇನು?"