ಸಂದು ಚುಕ್ಕಿಯ ಗದ್ದೆ

ಖಟಾರ್ ಖಟಾರ್ ಖಣ್! ಕೃಷ್ಣಮೂರ್ತಿಪುರಂನ ನಮ್ಮ ಬೀದಿಯಲ್ಲಿ ಆ ಕಾಲಕ್ಕೆ ಹಾಲಿನವನಿಗಿಂತ ಮೊದಲು ಕೇಳುತ್ತಿದ್ದ ಸದ್ದು ಇದು. ಸ್ಕೂಟರಿನ ಹಿಂದೆ ಹಗ್ಗದಲ್ಲಿ ಬಿಗಿದ ಕಳೆ ತೆಗೆಯುವ ಯಂತ್ರ. ರಸ್ತೆಯ ಒಂದೊಂದು ಗುಂಡಿಗೂ ಅದರ ಹಲ್ಲಿನ ಚಕ್ರ ಒಂದೊಂದು ಕುಣಿತ. ಮುಂದೆ, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು ಕೂತ ನಮ್ಮಣ್ಣ. ಅವನು ಹುಟ್ಟಿದಾಗಿನಿಂದ ಯಾರನ್ನೂ ದ್ವೇಷಿಸಿದವನಲ್ಲ ಎಂದು ನಾನು ಬೇಕಾದರೆ ಕೋರ್ಟಿನಲ್ಲಿ ಹೇಳುತ್ತೇನೆ. ಹುಲ್ಲೊಂದನ್ನು ಬಿಟ್ಟು!

ಎಲ್ಲಾ ಹುಲ್ಲೂ ಅಲ್ಲ. ಭತ್ತದ ಗದ್ದೆಯಲ್ಲಿ ಭತ್ತದ ಹಾಗೇ ಡ್ರೆಸ್ ಮಾಡಿಕೊಂಡು, ಭತ್ತದ ಗೊಬ್ಬರ ತಿಂದು, ಕೊನೆಗೆ ಭತ್ತಕ್ಕಿಂತ ಗೇಣುದ್ದ ಮೇಲೆ ನಿಂತು ನಗುವ ಹುಲ್ಲು. ನಮ್ಮ ಕಾನ್ವೆಂಟಿನಲ್ಲೂ ಅಂಥವರು ಇದ್ದರು. ಯೂನಿಫಾರ್ಮ್ ಒಂದೇ, ಬುದ್ಧಿ ಬೇರೆ.

ಅಣ್ಣ ರಿಟೈರ್ ಆಗುವವರೆಗೂ ಇಂಜಿನಿಯರ್. ಕೆಸರು ಕಂಡರೆ ಶೂ ನೋಡಿಕೊಳ್ಳುವ ಜಂಟ್ಲ್‌ಮನ್. ರಿಟೈರ್ ಆದದ್ದೇ ತಡ, ಬೋಗಾದಿಯ ಆಚೆ ನಮ್ಮಮ್ಮನ ಕಡೆಯಿಂದ ಬಂದಿದ್ದ ಒಂದು ತುಂಡು ಗದ್ದೆಗೆ ಇಳಿದುಬಿಟ್ಟ. ಆಮೇಲೆ ಮನೆಗೆ ಯಾರು ಬಂದರೂ ಕಾಫಿಗಿಂತ ಮೊದಲು ಪರೀಕ್ಷೆ. ಟಿಫಿನ್ ಡಬ್ಬಿಯಿಂದ ಎರಡು ಸಸಿ ತೆಗೆದು ಟೀಪಾಯಿಯ ಮೇಲೆ ಇಡುತ್ತಿದ್ದ. ಎರಡೂ ಅವಳಿಜವಳಿ.

“ಯಾವ್ದು ಭತ್ತ, ಯಾವ್ದು ಕಳೆ? ಹೇಳೇ ನೋಡೋಣ.”

“ಎರಡೂ ಹಸಿರಾಗಿದೆ ಕಣೋ ಅಣ್ಣ.”

“ಎಲೆ ಕಾಂಡಕ್ಕೆ ಸೇರೋ ಜಾಗ ನೋಡು. ಸಣ್ಣ ಕಿವಿ ಇದೆಯಾ? ಇದ್ರೆ ಭತ್ತ. ಇಲ್ದಿದ್ರೆ ಕಳ್ಳ.”

ಅಡುಗೆಮನೆಯಿಂದ ಅತ್ತಿಗೆಯ ದನಿ ಬರುತ್ತಿತ್ತು. “ಕಿವಿ ಇದ್ದೂ ಕೇಳಿಸ್ಕೊಳ್ದಿರೋರನ್ನ ಏನಂತಾರೆ ಅಂತ ಕೇಳೇ ನಿಮ್ಮಣ್ಣನ್ನ. ಗ್ಯಾಸ್ ಬುಕ್ ಮಾಡಿ ಅಂತ ಬೆಳಗ್ಗೆಯಿಂದ ಬಡ್ಕೋತಿದೀನಿ.”

ಆ ಮನೆಯಲ್ಲಿ ಗಂಡ ಹೆಂಡಿರ ನಡುವೆ ನಡೆಯುತ್ತಿದ್ದ ಕಾನ್ವರ್ಸೇಷನ್ ಹೆಚ್ಚುಕಮ್ಮಿ ಇಷ್ಟೇ. ಗ್ಯಾಸು, ಕರೆಂಟ್ ಬಿಲ್ಲು, ಮಾತ್ರೆ.

ಇಷ್ಟೆಲ್ಲ ವಿದ್ಯೆ ಇದ್ದೂ ಹಿಂದಿನ ಎರಡು ಬೆಳೆ ಕಳೆಯ ಪಾಲಾಗಿತ್ತು. ಸುತ್ತಲೂ ಲೇಔಟ್ ಎದ್ದು ಕಾಲುವೆಗೆ ಕಟ್ಟಡದ ಮಣ್ಣು ಬಿದ್ದು ಗದ್ದೆಯಲ್ಲಿ ನೀರು ನಿಲ್ಲುತ್ತಿರಲಿಲ್ಲ. ನೀರು ನಿಲ್ಲದ ಗದ್ದೆಯಲ್ಲಿ ಕಳೆಗೆ ಪಟ್ಟಾಭಿಷೇಕ ತಾನೆ? ಪಕ್ಕದ ಲೇಔಟಿನವರು ಗದ್ದೆ ಕೊಡಿ ಎಂದು ಮೇಲಿಂದ ಮೇಲೆ ಬರತೊಡಗಿದರು. ಕೊನೆಗೆ ಅತ್ತಿಗೆ ಡಿಕ್ಲೇರ್ ಮಾಡಿದರು. “ಈ ಸಲವೂ ಹುಲ್ಲೇ ಗೆದ್ರೆ ಅವ್ರಿಗೆ ಕೊಟ್ಬಿಡೋದು. ಮಾತು ಕೊಡಿ.”

ಅಣ್ಣ ಮಾತು ಕೊಟ್ಟ. ಗೇಟಿನವರೆಗೆ ನನ್ನನ್ನು ಬಿಡಲು ಬಂದವನು ಮೆಲ್ಲಗೆ ಹೇಳಿದ: “ಗದ್ದೆ ಹೋದ್ರೆ ಬೆಳಗ್ಗೆ ಎದ್ದು ನಾನೇನ್ ಮಾಡ್ಲಿ ಹೇಳು. ಪೇಪರ್ ಎಷ್ಟೊತ್ತು ಅಂತ ಓದೋದು?”

ಯಂತ್ರ ಬಂದದ್ದು ಆಗ. ಪೈರಿನ ಸಾಲುಗಳ ನಡುವೆ ಇದನ್ನು ತಳ್ಳಿಕೊಂಡು ಹೋದರೆ ಹುಲ್ಲು ಕೆಸರಿನೊಳಗೆ ಹೂತುಹೋಗಬೇಕು. ಒಂದೇ ಷರತ್ತು: ನಾಟಿ ಚೌಕಚೌಕವಾಗಿ ಇರಬೇಕು. ಉದ್ದಕ್ಕೂ ದಾರಿ, ಅಡ್ಡಕ್ಕೂ ದಾರಿ. ಅದಕ್ಕೆ ಉದ್ದದ ಹಗ್ಗ, ಹಗ್ಗಕ್ಕೆ ಅಳತೆಯಂತೆ ಕೆಂಪು ಬಟ್ಟೆಯ ಗಂಟು, ಗಂಟಿಗೊಂದು ಪೈರು. ಹಗ್ಗ ಹಿಡಿದು ಸಾಲು ಸರಿಸಲು ಯಾರು? ಬೀದಿಗೆಲ್ಲ ಅತ್ತಿಗೆಯ ರಂಗೋಲಿ ಫೇಮಸ್. ಚುಕ್ಕಿ ಇಟ್ಟರೆ ಸ್ಕೇಲು ನಾಚಬೇಕು. ಅವರನ್ನೇ ಛತ್ರಿ ಕೊಟ್ಟು ಬದುವಿನ ಮೇಲೆ ಕೂರಿಸಿ, ಅಣ್ಣ ಯಂತ್ರದ ಹಿಡಿ ಸರಿಮಾಡಿಸಲು ವೆಲ್ಡಿಂಗ್ ಅಂಗಡಿಗೆ ಹೋದ.

ಸಂಜೆ ಬಂದು ನೋಡುತ್ತಾನೆ, ನಾಟಿ ಮುಗಿದಿದೆ. ಸುಂದರವಾಗಿದೆ. ಆದರೆ ಎರಡನೆಯ ಸಾಲಿನ ಪೈರು ಮೊದಲ ಸಾಲಿನ ಪೈರಿನ ಎದುರಿಗಿಲ್ಲ. ಎರಡು ಪೈರಿನ ನಡುವಿನ ಸಂದಿಗೆ ಬಂದು ನಿಂತಿದೆ. ಇಡೀ ಗದ್ದೆ ಹಾಗೇ!

“ಏನೇ ಇದು?”

“ಸಂದು ಚುಕ್ಕಿ ರೀ. ನೇರ ಚುಕ್ಕಿ ಇಟ್ರೆ ಬೋಳುಬೋಳಾಗಿ ಕಾಣತ್ತೆ. ಹೀಗೆ ನೋಡಿ, ತುಂಬ್ಕೊಂಡಿದೆ.”

ಅಣ್ಣ ನಾಟಿ ಹೆಂಗಸರ ಮುಂದಾಳು ಪುಟ್ಟಮ್ಮನ ಕಡೆ ತಿರುಗಿದ. “ನೀನಾದ್ರೂ ಹೇಳ್ಬಾರ್ದಾ?”

“ನಾನೇನ್ ಯೋಳ್ಲಿ ಬುದ್ಧೀ. ಅಮ್ಮಾವ್ರು ಅಗ್ಗ ಎಳದ್ರು, ನಾವು ನೆಟ್ಬುಟ್ಟೊ. ಚೆಂದಾಗೈತಲ್ಲ, ಬುಡಿ.”

ಚೆಂದವಾಗೇನೋ ಇತ್ತು. ಯಂತ್ರ ಉದ್ದಕ್ಕೆ ಹೋದರೆ ಸರಿ. ಅಡ್ಡಕ್ಕೆ ತಿರುಗಿದರೆ ಪೈರೇ ಚಕ್ರದ ಬಾಯಿಗೆ. ಇಂಜಿನಿಯರ್ ಅಲ್ಲವೆ, ರಾತ್ರಿಯೆಲ್ಲ ಲೆಕ್ಕ ಹಾಕಿ ಮೂಲೆಯಿಂದ ಮೂಲೆಗೆ ಒಂದು ಓರೆ ದಾರಿ ಕಂಡುಹಿಡಿದ. ಮರುವಾರದಿಂದ ನಮ್ಮಣ್ಣ ಗದ್ದೆಯಲ್ಲಿ ಚೆಸ್ಸಿನ ಬಿಷಪ್ಪಿನಂತೆ ಡಯಾಗನಲ್ಲಾಗಿ ಓಡಾಡತೊಡಗಿದ. ನಮ್ಮ ಸ್ಕೂಲಿಗೆ ಬರುತ್ತಿದ್ದ ನಿಜವಾದ ಬಿಷಪ್ಪರು ಎಷ್ಟು ನೆಟ್ಟಗೆ ನಡೆಯುತ್ತಿದ್ದರು, ಪಾಪ! ಲೇಔಟಿನಿಂದ ವಾಕಿಂಗ್ ಬಂದವರೊಬ್ಬರು ನಿಂತು ಕೇಳಿದರಂತೆ: “ಯಾವ ಕಂಟ್ರಿ ಮೆಥಡ್ ಸರ್ ಇದು?”

“ಕೃಷ್ಣಮೂರ್ತಿಪುರಂದು ಕಣ್ರೀ.”

ಓರೆ ದಾರಿ ಇಕ್ಕಟ್ಟು. ಪೈರಿನ ಬುಡಕ್ಕೇ ಅಂಟಿಕೊಂಡ ಕಳೆ ಚಕ್ರಕ್ಕೆ ಸಿಗದೆ ಬೆಳೆಯತೊಡಗಿತು. ಕೈಯಲ್ಲೇ ಕೀಳಬೇಕು, ಕೀಳುವವರು ಯಾರು? ಪುಟ್ಟಮ್ಮನ ಗುಂಪು ಅಷ್ಟರಲ್ಲಿ ಲೇಔಟಿನ ಕಟ್ಟಡ ಕೆಲಸಕ್ಕೆ ಹೋಗಿಯಾಗಿತ್ತು. ಔಷಧಿ ಹೊಡೆಸಿಬಿಡು, ಎರಡು ವಾರದಲ್ಲಿ ಕ್ಲೀನ್ ಆಗತ್ತಂತೆ ಎಂದೆ ನಾನು. “ನಾನು ಅದ್ರ ಜೊತೆ ಜಗಳ ಆಡ್ತಿದೀನಿ ಕಣೇ, ಕೊಲೆ ಮಾಡಕ್ಕಲ್ಲ ಹೊರಟಿರೋದು” ಎಂದ. ಎಂದವನ ಮುಖ ಮಾತ್ರ ಆಗಲೇ ಗದ್ದೆ ಕಳೆದುಕೊಂಡವನ ಹಾಗಿತ್ತು.

ಮಾರನೆಯ ಬೆಳಗ್ಗೆ ನಾನು ಕಿಟಕಿಯಿಂದ ನೋಡುತ್ತೇನೆ, ಸ್ಕೂಟರಿನ ಹಿಂದೆ ಅತ್ತಿಗೆ! ಮಂಡಿನೋವು ಎಂದು ನಮ್ಮ ಮನೆಯ ಮೂರು ಮೆಟ್ಟಿಲು ಹತ್ತದವರು. “ಎಲ್ಲಿಗೆ ಅತ್ತಿಗೆ?” ಎಂದು ಕೂಗಿದೆ.

“ಕಳೆ ಕೀಳಕ್ಕೆ. ಚುಕ್ಕಿ ಇಟ್ಟೋಳು ನಾನು ತಾನೆ? ನಿಮ್ಮಣ್ಣಂಗೆ ಒಬ್ರಿಗೇ ಬಿಟ್ರೆ ಪೈರೇ ಕಿತ್ತು ಕೈಗೆ ಕೊಡ್ತಾರೆ.”

ಅಲ್ಲಿಂದ ದಿನಾ ಇಬ್ಬರೂ. ಒಮ್ಮೆ ನಾನೂ ಹೋಗಿ ಬದುವಿನ ಮೇಲೆ ಕೂತೆ. ಗದ್ದೆಯ ಆ ತುದಿಯಿಂದ ಅತ್ತಿಗೆ, ಈ ತುದಿಯಿಂದ ಅಣ್ಣ. ಏನು ಜಗಳ, ಏನು ನಗು! ಹೊಸದಾಗಿ ಮದುವೆಯಾದ ಕಾಲದ ಸಿನಿಮಾ ಟಿಕೆಟ್ಟಿನ ವಿಷಯವೂ ಅಲ್ಲಿ ಎದ್ದುಬಂತು. ಅವರಿಬ್ಬರು ಅಷ್ಟು ಮಾತಾಡಿದ್ದನ್ನು ನಾನು ಆ ಮನೆಯಲ್ಲಿ ಎಂದೂ ಕೇಳಿರಲಿಲ್ಲ.

ಆ ಸಲ ಹುಲ್ಲು ಸೋತಿತು. ಗದ್ದೆ ಉಳಿಯಿತು. ಕೊಯ್ಲಿಗೆ ಮಾತ್ರ ಅತ್ತಿಗೆ ಇರಲಿಲ್ಲ. ತೆನೆ ಬಾಗುವ ಹೊತ್ತಿಗೆ ಜ್ವರ ಬಂತು, ಹೋಗಿಬಿಟ್ಟರು. ನಾನು ಮಗಳ ಬಾಣಂತನಕ್ಕೆಂದು ಧಾರವಾಡದಲ್ಲಿದ್ದೆ. ಬಸ್ಸು ಹಿಡಿದು ಬರುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಧಾರವಾಡಕ್ಕೆ ಹೊರಡುವ ಹಿಂದಿನ ಸಂಜೆ. ಹೇಳಿ ಬರೋಣ ಎಂದು ಆಟೋ ಮಾಡಿಕೊಂಡು ಬೋಗಾದಿಗೆ ಹೋಗಿದ್ದೆ. ಅತ್ತಿಗೆ ಸೀರೆ ಎತ್ತಿಕಟ್ಟಿ ಬದುವಿನ ಮೇಲೆ ನಿಂತಿದ್ದರು. ಬಗ್ಗಲು ಆಗುತ್ತಿರಲಿಲ್ಲ. ಅಣ್ಣ ಕಾಲುವೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಬೊಗಸೆಯಲ್ಲಿ ನೀರು ತುಂಬಿ ತುಂಬಿ ಅವರ ಪಾದ ತೊಳೆಯುತ್ತಿದ್ದ. ಆಸರೆಗೆಂದು ಅತ್ತಿಗೆಯ ಕೆಸರುಗೈ ಅವನ ಬೋಳುತಲೆಯ ಮೇಲಿತ್ತು.

“ಹಿಮ್ಮಡೀಲಿ ಇನ್ನೂ ಇದೆ ರೀ.”

“ಇದೆ, ಇದೆ. ಅಲ್ಲಾಡ್ಬೇಡ, ನಿಂತ್ಕೊ.”

ನಾನು ಕೂಗಲಿಲ್ಲ. ಆಟೋ ತಿರುಗಿಸಪ್ಪಾ ಎಂದೆ.